ಸೈಡ್ ಸ್ಟ್ಯಾಂಡ್ ಸ್ವಿಚ್: ತೊಳೆಯುವುದೋ, ಡೈರೆಕ್ಟ್ ಮಾಡುವುದೋ, ಬದಲಿಸುವುದೋ?

ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಬೈಕು ನ್ಯೂಟ್ರಲ್‌ನಲ್ಲಿ ಚೆನ್ನಾಗಿಯೇ ಓಡುತ್ತಿದ್ದು, ಮೊದಲ ಗೇರಿಗೆ ಹಾಕಿದ ಕೂಡಲೇ ಆರಿಹೋದರೆ, ಪೆಟ್ರೋಲಿಗೆ ನೀರು ಸೇರಿದೆಯೆಂದೋ ಪ್ಲಗ್ ಹೋಗಿದೆಯೆಂದೋ ಹುಡುಕಾಡುವ ಮೊದಲು ಸೈಡ್ ಸ್ಟ್ಯಾಂಡಿನ ಸ್ವಿಚ್ಚನ್ನು ನೋಡಬೇಕು. 2020ರ ಏಪ್ರಿಲ್ 1ರಂದು ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಜಾರಿಯಾದ ನಂತರ ಬಂದ ಅನೇಕ ಬೈಕುಗಳಲ್ಲಿ, ಸ್ಟ್ಯಾಂಡ್ ಇಳಿದಿರುವಾಗ ಗೇರ್ ಬಿದ್ದರೆ ಇಂಜಿನ್ ನಿಲ್ಲಿಸುವ ವ್ಯವಸ್ಥೆಯಿದೆ. ನನ್ನ ಬೈಕಿನಲ್ಲಿರುವುದು ಒತ್ತುಗುಂಡಿಯ ಸ್ವಿಚ್. ಅದಕ್ಕೆ ಎರಡೇ ವೈರು. ಸ್ಟ್ಯಾಂಡ್ ಮೇಲಕ್ಕೆ ಮಡಚಿದಾಗ ಆ ಎರಡೂ ಒಳಗೆ ಕೂಡಿಕೊಳ್ಳುತ್ತವೆ, ಇಳಿಸಿದಾಗ ಬೇರ್ಪಡುತ್ತವೆ. ಆದ್ದರಿಂದ ಕೆಸರು ಅಥವಾ ತುಕ್ಕಿನಿಂದ ಸಂಪರ್ಕ ತಪ್ಪಿದರೂ ಬೈಕು ಅದನ್ನು ಸ್ಟ್ಯಾಂಡ್ ಇಳಿದಿದೆ ಎಂದೇ ತಿಳಿಯುತ್ತದೆ. ಕ್ಲಚ್ ಹಿಡಿಕೆಯ ಬಳಿಯ ಸ್ವಿಚ್ ಕೆಟ್ಟಾಗ ಗೇರಿನಲ್ಲಿ ಸ್ಟಾರ್ಟ್ ಆಗುವುದಿಲ್ಲವೇ ಹೊರತು ಓಡುತ್ತಿರುವ ಇಂಜಿನ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಈ ಎರಡರ ಗೊಂದಲವನ್ನು ಅಲ್ಲಿಯೇ ಬಿಡಿಸಿಕೊಳ್ಳಬಹುದು.

ಇದಕ್ಕೆ ಸಾಮಾನ್ಯವಾಗಿ ಹೇಳುವ ಪರಿಹಾರಗಳು ಮೂರು. ಮೂರನ್ನೂ ನಾನು ಬೇರೆ ಬೇರೆ ಮಳೆಗಾಲಗಳಲ್ಲಿ ಮಾಡಿ ನೋಡಿದ್ದೇನೆ.

ರಸ್ತೆ ಬದಿಯ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವುದು ‘ಡೈರೆಕ್ಟ್ ಮಾಡಿಬಿಡೋಣ ಸಾರ್’ ಎಂಬ ಮಾತು. ಸ್ವಿಚ್ಚಿನ ವೈರು ಬೈಕಿನ ವೈರಿಗೆ ಕೂಡುವ ಕಪ್ಲರ್ ಬಿಚ್ಚಿ, ಬೈಕಿನ ಕಡೆಯ ಎರಡು ತುದಿಗಳನ್ನು ತುಂಡು ವೈರಿನಿಂದ ಕೂಡಿಸಿದರೆ ಇಂಜಿನ್ ಕೂಡಲೇ ಓಡುತ್ತದೆ. ಖರ್ಚಿಲ್ಲ, ಕಾಯಬೇಕಾಗಿಲ್ಲ, ತಪ್ಪು ಸ್ವಿಚ್ಚಿನಲ್ಲೋ ಅದರ ಕಪ್ಲರಿನಲ್ಲೋ ಇದೆ ಎಂಬುದೂ ಖಚಿತವಾಗುತ್ತದೆ. ಸುರಿಯುವ ಮಳೆಯಲ್ಲಿ ಕಾಡಿನ ನಡುವೆ ನಿಂತವನಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೆಂದು ಒಪ್ಪುತ್ತೇನೆ. ಆದರೆ ಮನೆ ಸೇರಿದ ಮೇಲೆಯೂ ಅದನ್ನು ಹಾಗೆಯೇ ಉಳಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಸ್ಟ್ಯಾಂಡ್ ಇರುವುದು ಎಡಬದಿಗೆ. ಅದನ್ನು ಮಡಚದೆ ಹೊರಟವರು ಆಗುಂಬೆ ಘಾಟಿಯಂತಹ ಇಳಿಜಾರಿನಲ್ಲಿ ಎಡ ತಿರುವಿಗೆ ಬೈಕು ವಾಲಿಸಿದಾಗ ಸ್ಟ್ಯಾಂಡ್ ರಸ್ತೆಗೆ ತಾಗಿ ಹಿಂದಿನ ಚಕ್ರವನ್ನೇ ಎತ್ತಿಬಿಡಬಹುದು. ಮಾಡಲೇಬೇಕಾದಾಗಲೂ ವೈರು ಕತ್ತರಿಸಿ ತಿರುಚಿ ಟೇಪು ಸುತ್ತುವ ಬದಲು ಕಪ್ಲರಿನಲ್ಲಿಯೇ ತುಂಡು ವೈರು ಸಿಕ್ಕಿಸುವುದು ಮೇಲು, ಏಕೆಂದರೆ ಹಿಂದಿನ ಸ್ಥಿತಿಗೆ ತರುವುದು ಆಗ ಸುಲಭ.

ಎರಡನೆಯದು ತೊಳೆಯುವುದು. ಇದರಲ್ಲಿಯೂ ಯಾವುದರಿಂದ ತೊಳೆಯುತ್ತೀರಿ ಎಂಬುದರ ಮೇಲೆ ಫಲ ನಿಂತಿದೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಪೈಪು ಕೆಸರನ್ನು ಕಳೆಯುವ ಭರದಲ್ಲಿ ಗುಂಡಿಯ ರಬ್ಬರ್ ಮುಚ್ಚಿಗೆಯ ಅಂಚಿನಿಂದ ನೀರನ್ನು ಒಳಕ್ಕೆ ತಳ್ಳುತ್ತದೆ. ಪೆಟ್ರೋಲು ಜಿಡ್ಡನ್ನು ತೆಗೆಯುತ್ತದೆ, ಆದರೆ ಅದೇ ರಬ್ಬರನ್ನು ಹಾಳುಮಾಡುತ್ತದೆ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆದಾಗ ಗುಂಡಿ ಸರಾಗವಾಗಿ ಆಡಿತು, ಸಂಪರ್ಕವೂ ಬಂತು. ಆದರೆ ಒಳಗುಳಿದ ಎಣ್ಣೆಯ ಪಸೆಗೆ ನಮ್ಮ ಕೆಮ್ಮಣ್ಣಿನ ಧೂಳು ಅಂಟಿ, ಮಳೆ ನಿಲ್ಲುವ ಮೊದಲೇ ಗುಂಡಿ ಮತ್ತೆ ಬಿಗಿಯಿತು. ನನಗೆ ಒಗ್ಗಿದ್ದು ಒಣಗಿದ ಬ್ರಷ್ಷಿನಿಂದ ಕೆಸರು ಕೆರೆದು, ವಿದ್ಯುತ್ ಸಂಪರ್ಕಗಳನ್ನು ಶುಚಿಮಾಡುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಸ್ಟ್ಯಾಂಡನ್ನು ಹಲವು ಸಲ ಮೇಲೆ ಕೆಳಗೆ ಆಡಿಸುವ ಕ್ರಮ. ಆ ಕ್ಲೀನರ್ ಪಸೆ ಉಳಿಸದೆ ಆರಿಹೋಗುತ್ತದೆ.

ಆದರೆ ಸ್ವಿಚ್ಚಿಗಿಂತ ಹೆಚ್ಚು ಗಮನ ಬೇಡುವುದು ಅದರ ಕಪ್ಲರ್. ಸ್ವಿಚ್ ಕೆಳಗಿರುವುದರಿಂದ ಎಲ್ಲರ ಕಣ್ಣು ಅದರ ಮೇಲೆ. ವೈರು ಚೌಕಟ್ಟಿನ ಗುಂಟ ಮೇಲೆ ಹೋಗಿ ಸೇರುವ ಕಪ್ಲರನ್ನು ಬಿಚ್ಚಿ ನೋಡುವವರು ಕಡಿಮೆ. ನನ್ನದರಲ್ಲಿ ಒಂದು ಪಿನ್ನಿನ ಬುಡದಲ್ಲಿ ಹಸಿರು ಪುಡಿ ಕಟ್ಟಿತ್ತು. ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನಕ್ಕಿಟ್ಟು, ಇಗ್ನಿಷನ್ ಆರಿಸಿ, ಸ್ವಿಚ್ಚಿನ ಕಡೆಯ ಎರಡು ಪಿನ್‌ಗಳಿಗೆ ಹಿಡಿಯಬೇಕು: ಸ್ಟ್ಯಾಂಡ್ ಮಡಚಿದಾಗ ಬೀಪ್ ಬಂದು, ಇಳಿಸಿದಾಗ ನಿಂತು, ವೈರನ್ನು ಅಲುಗಿಸಿದರೂ ಬೀಪ್ ತುಂಡಾಗದಿದ್ದರೆ ಸ್ವಿಚ್ ಸರಿಯಾಗಿದೆ, ತಪ್ಪು ಬಹುಶಃ ಕಪ್ಲರಿನಲ್ಲಿದೆ. ಪಿನ್ ಉಜ್ಜಿ, ವಿದ್ಯುತ್ ಹರಿಸದ ಸಿಲಿಕೋನಿನ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಹಚ್ಚಿ ಕೂಡಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಚಾಸಿಗೆ ಹಚ್ಚುವ ಸಾಮಾನ್ಯ ಗ್ರೀಸು ಇಲ್ಲಿಗೆ ಬೇಡ. ಅದು ಕಪ್ಲರಿನ ರಬ್ಬರನ್ನು ಉಬ್ಬಿಸುತ್ತದೆ. ಅಡಿಕೆ ತೋಟದವರಿಗೆ ಇನ್ನೊಂದು ಮಾತು: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋದಂತೆ ಮೈಲುತುತ್ತ ಬೀಳುತ್ತದೆ. ಅದನ್ನು ಕ್ಯಾನಿನಲ್ಲಿ ಕರಗಿಸಿ ಬೈಕಿನ ಮೇಲೆ ಒಯ್ಯುವಾಗ ತುಳುಕಿದ್ದು ಸ್ಟ್ಯಾಂಡಿನ ಸ್ಪ್ರಿಂಗನ್ನೂ ಬೋಲ್ಟನ್ನೂ ತಿನ್ನುತ್ತದೆ. ಕೂಡಲೇ ನೀರು ಹಾಕಿ ತೊಳೆಯಬೇಕು.

ಮೂರನೆಯದು ಬದಲಿಸುವುದು. ಬಿಡಿಭಾಗದ ಅಂಗಡಿಯ ಅಗ್ಗದ ಸ್ವಿಚ್ಚನ್ನು ಮನೆಯ ಇನ್ನೊಂದು ಬೈಕಿಗೂ, ಕಂಪನಿಯದನ್ನು ನನ್ನದಕ್ಕೂ ಹಾಕಿಸಿದ್ದೆ. ಅಗ್ಗದ್ದು ಕೇಳಿದ ದಿನವೇ ಸಿಗುತ್ತದೆ. ಕಂಪನಿಯದಕ್ಕೆ ಶಿವಮೊಗ್ಗಕ್ಕೆ ಹೇಳಿ ಕಾಯಬೇಕಾಯಿತು, ಬೆಲೆಯೂ ಹೆಚ್ಚು. ಆದರೆ ಅಗ್ಗದ್ದರ ಕಪ್ಲರ್ ನಮ್ಮದಕ್ಕೆ ಕೂಡದ ಕಾರಣ ವೈರು ಕತ್ತರಿಸಿ ತಿರುಚಬೇಕಾಯಿತು. ಮಳೆಗೆ ತೆರೆದ ಆ ತಿರುಚು ಮುಂದೆ ಸ್ವಿಚ್ಚಿಗಿಂತ ಮೊದಲೇ ಕೈಕೊಟ್ಟಿತು. ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದ್ದರೆ ಅದು ಬಾಳುತ್ತಿತ್ತೇನೋ, ಆದರೆ ಅಷ್ಟು ಶ್ರಮವನ್ನು ಲೆಕ್ಕ ಹಾಕಿದರೆ ಕಂಪನಿಯದೇ ಅಗ್ಗ.

ಸ್ವಿಚ್ ಕೊಳ್ಳುವ ಮೊದಲು ಸ್ಟ್ಯಾಂಡಿನ ಬೋಲ್ಟನ್ನೂ ಪರೀಕ್ಷಿಸುವುದು ಒಳ್ಳೆಯದು. ನಮ್ಮ ಮನೆಗಳ ಅಂಗಳ ಇಳಿಜಾರು. ಹುಲ್ಲಿನ ಹೊರೆಯೋ ಅಡಿಕೆ ಚೀಲವೋ ಹೇರಿದ ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಅದರ ಮೇಲೆಯೇ ಕೂತು ಮಾತನಾಡುವುದು ರೂಢಿ. ಹಾಗೆ ಬೋಲ್ಟಿನ ರಂಧ್ರ ಸವೆದರೆ ಮಡಚಿದ ಸ್ಟ್ಯಾಂಡ್ ಹೊರಕ್ಕೆ ವಾಲಿ ಗುಂಡಿಯನ್ನು ಪೂರ್ತಿ ಒತ್ತುವುದಿಲ್ಲ, ಹೊಂಡಕ್ಕೆ ಬಿದ್ದಾಗಲೆಲ್ಲ ಇಂಜಿನ್ ತಡವರಿಸುತ್ತದೆ. ಸ್ಟ್ಯಾಂಡನ್ನು ಕೈಯಲ್ಲಿ ಅಡ್ಡಡ್ಡ ಅಲುಗಿಸಿದರೆ ಇದು ಗೊತ್ತಾಗುತ್ತದೆ. ಬುಶ್ ಮತ್ತು ಬೋಲ್ಟ್ ಬದಲಿಸಿದರೆ ಹಳೆಯ ಸ್ವಿಚ್ಚೇ ಸಾಕು.

ಅಯಸ್ಕಾಂತದಿಂದ ಕೆಲಸ ಮಾಡುವ ಮೂರು ವೈರಿನ ಸೆನ್ಸರ್ ಇರುವ ಬೈಕುಗಳಿಗೆ ಈ ಬೀಪ್ ಪರೀಕ್ಷೆಯೂ ಡೈರೆಕ್ಟ್ ಮಾಡುವ ಉಪಾಯವೂ ಒಗ್ಗುವುದಿಲ್ಲ. ಅಲ್ಲಿ ಎರಡು ವೈರು ಕೂಡಿಸಿದರೆ ಫ್ಯೂಸ್ ಹಾರುವ ಸಂಭವವಿದೆ. ಅಂತಹದನ್ನು ತೊಳೆದು, ಕಪ್ಲರ್ ಸರಿಪಡಿಸಿಯೂ ಆಗದಿದ್ದರೆ ಕಂಪನಿಯ ಸೆನ್ಸರನ್ನೇ ಹಾಕಿಸಬೇಕು.