ಸೂಪರ್ ಗ್ಲೂ ಹತ್ರ ಹತ್ತಿ ಬಟ್ಟೆ ತರ್ಬೇಡಿ, ಸುಡುತ್ತೆ

ಮನೇಲಿ ಸೂಪರ್ ಗ್ಲೂ ಇಟ್ಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಆ ಪುಟ್ಟ ಟ್ಯೂಬಿನ ಗಮ್ ಬೆರಳಿಗೆ ಅಂಟ್ಕೊಳ್ಳುತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ಹತ್ತಿ ಬಟ್ಟೆ ಮೇಲೆ ಬಿದ್ರೆ ಚರ್ಮ ಬೊಬ್ಬೆ ಏಳೋಷ್ಟು ಬಿಸಿ ಆಗುತ್ತೆ ಅನ್ನೋದು ನಮ್ಮನೇಲಿ ಒಬ್ರಿಗೂ ಗೊತ್ತಿರ್ಲಿಲ್ಲ.

ನನ್ನ ತಮ್ಮ ಶೂ ಸೋಲ್ ಅಂಟಿಸ್ತಾ ಕೂತಿದ್ದ, ಹಾಕ್ಕೊಂಡಿದ್ದಿದ್ದು ಕಾಟನ್ ನೈಟ್ ಪ್ಯಾಂಟ್. ಟ್ಯೂಬಿನ ಮೂತಿ ಗಟ್ಟಿಯಾಗಿ ಕಟ್ಕೊಂಡಿತ್ತು, ಪಿನ್ ಚುಚ್ಚಿ ಒತ್ತಿದ, ಬರ್ಲಿಲ್ಲ, ಇನ್ನೂ ಜೋರಾಗಿ ಒತ್ತಿದಾಗ ಒಳಗಿದ್ದಿದ್ದೆಲ್ಲ ಒಂದೇ ಸಲ ತೊಡೆ ಮೇಲೆ ಬಿತ್ತು. ಮೊದಲು ಏನೂ ಅನ್ನಿಸ್ಲಿಲ್ವಂತೆ, ಬರೀ ಒದ್ದೆ. ಎರಡ್ಮೂರು ಸೆಕೆಂಡಿಗೆ "ಅಣ್ಣಾ ಉರೀತಿದೆ ಉರೀತಿದೆ" ಅಂತ ಕಿರುಚ್ಕೊಂಡ, ನಾನು ನೋಡೋವಾಗ ಪ್ಯಾಂಟಿಂದ ಬೆಳ್ಳಗೆ ಹೊಗೆ ಬರ್ತಿತ್ತು, ಬೆಂಕಿ ಎಲ್ಲೂ ಇಲ್ಲ, ಬರೀ ಹೊಗೆ, ಮತ್ತೆ ಕಣ್ಣು ಮೂಗು ಎರಡೂ ಉರಿಯೋ ಅಂಥ ಘಾಟು. ಅವನು ಬಟ್ಟೆ ಎಳೆಯೋಕೆ ನೋಡಿದ, ಅಷ್ಟರಲ್ಲಿ ಅದು ಪ್ಲಾಸ್ಟಿಕ್ ಹಾಳೆ ಥರ ಸೆಟೆದು ಚರ್ಮಕ್ಕೆ ಕಚ್ಕೊಂಡಿತ್ತು. ಬಾತ್ರೂಮಿಗೆ ಕರ್ಕೊಂಡು ಹೋಗಿ ನಲ್ಲಿ ಕೆಳಗೆ ಕಾಲಿಟ್ಟು ನೀರು ಬಿಟ್ವಿ, ಆಮೇಲೆ ಸುತ್ತ ಬಟ್ಟೆ ಕತ್ತರಿಸಿ, ಅಂಟಿದ ತುಂಡನ್ನ ಹಾಗೇ ಬಿಟ್ಟು ಡಾಕ್ಟರ್ ಹತ್ರ ಹೋದ್ವಿ. ಅವ್ರು ನೆನೆಸಿ ನೆನೆಸಿ ನಿಧಾನಕ್ಕೆ ಬಿಡಿಸಿದಾಗ ಅಡಿಯಲ್ಲಿ ದೊಡ್ಡ ಬೊಬ್ಬೆ. ಕಲೆ ಇನ್ನೂ ಇದೆ.

ಇದು ಯಾಕಾಗುತ್ತೆ ಅಂದ್ರೆ, ಈ ಗಮ್ ಒಣಗಿ ಗಟ್ಟಿಯಾಗೋದಲ್ಲ. ಮರಕ್ಕೆ ಹಾಕೋ ಬಿಳಿ ಗಮ್ಮಲ್ಲಿ ನೀರು ಆರಿ ಹೋಗಿ ಗಟ್ಟಿಯಾಗುತ್ತೆ. ಇದ್ರಲ್ಲಿ ಹಾಗಲ್ಲ, ಟ್ಯೂಬಲ್ಲಿರೋದು ಸಯನೋಅಕ್ರಿಲೇಟ್ ಅನ್ನೋ ರಾಸಾಯನಿಕ, ಮಾಮೂಲಿ ಟ್ಯೂಬುಗಳಲ್ಲಿ ಹೆಚ್ಚಾಗಿ ಈಥೈಲ್ ಸಯನೋಅಕ್ರಿಲೇಟ್. ಇದಕ್ಕೆ ಒಂಚೂರು ತೇವ ಸಿಕ್ರೆ ಸಾಕು, ಬಿಡಿಬಿಡಿ ಅಣುಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಉದ್ದುದ್ದ ಸರಪಳಿ ಆಗ್ತಾವೆ, ಅದೇ ಪಾಲಿಮರ್. ಆ ಕೊಂಡಿ ಬೀಳುವಾಗೆಲ್ಲ ಶಾಖ ಹೊರಗೆ ಬರುತ್ತೆ. ಎರಡು ತುಂಡಿನ ಮಧ್ಯೆ ಒಂದು ಹನಿ ಹಾಕಿದ್ರೆ ಆ ಶಾಖ ಗೊತ್ತೂ ಆಗಲ್ಲ, ತೆಳು ಪದರ ನೋಡಿ. ಆದ್ರೆ ಹತ್ತಿ ಒಳಗೆ ಯಾವಾಗ್ಲೂ ಸ್ವಲ್ಪ ತೇವ ಇರುತ್ತೆ, ಎಳೆಗಳು ಲೆಕ್ಕ ಇಲ್ಲದಷ್ಟು, ಗಮ್ ತೆಳ್ಳಗಿರೋದ್ರಿಂದ ಎಲ್ಲಾ ಎಳೆಗೂ ಒಟ್ಟಿಗೇ ಹೀರ್ಕೊಂಡು, ಇಡೀ ಗಮ್ ಒಂದೇ ಸಲಕ್ಕೆ ಗಟ್ಟಿಯಾಗಿ ಶಾಖನೆಲ್ಲ ಒಂದೇ ಕಡೆ ಬಿಡುತ್ತೆ. ಉಣ್ಣೆ, ಚರ್ಮದ ಸಾಮಾನು ಇವುಗಳ ಮೇಲೂ ಹೀಗಾಗಬಹುದು.

ಈ ಗಮ್ಮನ್ನ 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ತಂಡ ಬಂದೂಕಿನ ಗುರಿ ನೋಡೋ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕ್ತಿದ್ದಾಗ ಕಂಡ್ಕೊಂಡಿದ್ದು, ಮುಟ್ಟಿದ್ದಕ್ಕೆಲ್ಲ ಅಂಟುತ್ತೆ ಅಂತ ಆಗ ಕೈಬಿಟ್ರು, ಅಂಟಾಗಿ ಮಾರಾಟಕ್ಕೆ ಬಂದಿದ್ದು 1958ರಲ್ಲಿ. ಅಷ್ಟು ಹಳೇ ವಸ್ತು, ಹತ್ತಿ ಜೊತೆ ಹೇಗಿರುತ್ತೆ ಅನ್ನೋದು ಕಂಪನಿಗಳಿಗೆ ಚೆನ್ನಾಗೇ ಗೊತ್ತು. ನಮ್ಮ ಟ್ಯೂಬ್ ಮೇಲೆ ಕಣ್ಣಿಗೆ ಚರ್ಮಕ್ಕೆ ತಾಗಿಸ್ಬೇಡಿ ಅಂತ ಇತ್ತು, ಬಟ್ಟೆ ಬಗ್ಗೆ ಒಂದಕ್ಷರ ಇರ್ಲಿಲ್ಲ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಹಾಗಾಗಿ ಚೆಲ್ಲಿದ ಗಮ್ಮನ್ನ ಹತ್ತಿ ಉಂಡೆ, ಇಯರ್ ಬಡ್, ಹಳೇ ಬನಿಯನ್ ತುಂಡು ಇಂಥದ್ರಲ್ಲಿ ಒರೆಸ್ಲೇ ಬೇಡಿ, ಕಾಟನ್ ಗ್ಲೌಸ್ ಅಂತೂ ಹಾಕ್ಲೇಬೇಡಿ. ಕೆಲಸ ಮಾಡೋವಾಗ ತೊಡೆ ಮೇಲೆ ಇಟ್ಕೊಳ್ದೆ ಮೇಜಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ ಮಾಡಿ, ಮಾಮೂಲಿ ಪಾಲಿಥಿನ್ ಕವರಿಗೆ ಇದು ಸರಿಯಾಗಿ ಅಂಟಲ್ಲ. ಮೂತಿ ಕಟ್ಟಿದ್ರೆ ಒತ್ತಡ ಹಾಕ್ಬೇಡಿ, ತುದಿ ಸ್ವಲ್ಪ ಕತ್ತರಿಸಿ, ಆಗ್ಲಿಲ್ಲ ಅಂದ್ರೆ ಬಿಸಾಕಿ. ಬೇಗ ಹಿಡೀಲಿ ಅಂತ ಅಡುಗೆ ಸೋಡಾ ಉದುರಿಸೋರು ಇದ್ದಾರೆ, ಅದೂ ತಕ್ಷಣ ಬಿಸಿಯಾಗಿ ಹೊಗೆ ಬಿಡುತ್ತೆ, ಮುಖ ಹತ್ರ ಇಟ್ಕೊಂಡು ಮಾಡ್ಬೇಡಿ. ಬಟ್ಟೆ ಮೇಲೆ ಬಿದ್ದೇಬಿಟ್ರೆ ತಣ್ಣೀರು ಧಾರಾಳವಾಗಿ ಸುರೀರಿ. ನೀರಿಗೆ ಗಮ್ ಇನ್ನೂ ಬೇಗ ಗಟ್ಟಿಯಾಗುತ್ತೆ ನಿಜ, ಆದ್ರೆ ಸುಡೋ ಶಾಖನ ನೀರು ಎಳ್ಕೊಳ್ಳುತ್ತೆ, ಆ ಹೊತ್ತಿಗೆ ಬೇಕಾಗಿರೋದು ಅದೇ.

"ಆಪರೇಷನ್ನಲ್ಲೇ ಇದನ್ನ ಹಾಕ್ತಾರಂತೆ" ಅಂತ ಗಾಯಕ್ಕೆ ಹಚ್ಕೊಳ್ಳೋದನ್ನೂ ನೋಡಿದೀನಿ. ಆಸ್ಪತ್ರೇಲಿ ಬಳಸೋದು ಬ್ಯೂಟೈಲ್ ಅಥವಾ ಆಕ್ಟೈಲ್ ಸಯನೋಅಕ್ರಿಲೇಟ್, ಅದಕ್ಕೆ ಬಿಸಿ ಕಮ್ಮಿ, ಚರ್ಮಕ್ಕೆ ತೊಂದ್ರೆನೂ ಕಮ್ಮಿ. ಅಂಗಡಿ ಟ್ಯೂಬಿಂದು ಬೇಗ ಒಡೆದು ಫಾರ್ಮಾಲ್ಡಿಹೈಡ್ ಅನ್ನೋ ವಿಷದ ರಾಸಾಯನಿಕ ಬಿಡುತ್ತೆ, ಗಾಯದೊಳಗೆ ಅದು ಹೋಗ್ಬಾರ್ದು.

ಬೆರಳು ಅಂಟ್ಕೊಂಡ್ರೆ ಎಳೀಬೇಡಿ, ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ಉಜ್ಜಿ ಉಜ್ಜಿ ಬಿಡಿಸಿ. ಅಸಿಟೋನ್ ಇರೋ ನೇಲ್ ಪಾಲಿಶ್ ರಿಮೂವರ್ ಕೂಡ ಕರಗಿಸುತ್ತೆ, ಆದ್ರೆ ಗಾಯ, ತುಟಿ, ಕಣ್ಣಿನ ಹತ್ರ ಬೇಡ, ಬೆಂಕಿ ಹತ್ರ ಅಂತೂ ಬೇಡವೇ ಬೇಡ. ಕಣ್ಣಿನ ಡ್ರಾಪ್ಸ್ ಅಂದ್ಕೊಂಡು ಈ ಗಮ್ ಹಾಕ್ಕೊಂಡಿರೋ ಕೇಸ್‌ಗಳು ಎಷ್ಟೋ ದೇಶಗಳಲ್ಲಿ ಆಗಿವೆ, ಎರಡೂ ಪುಟ್ಟ ಬಾಟಲಿ ನೋಡಿ, ಅದಕ್ಕೇ ಔಷಧಿ ಇಡೋ ಜಾಗದಲ್ಲಿ ಇದನ್ನ ಇಡ್ಬೇಡಿ. ಹಾಗೇನಾದ್ರೂ ಆದ್ರೆ ರೆಪ್ಪೆ ಬಲವಂತವಾಗಿ ಬಿಡಿಸ್ಬೇಡಿ, ಉಗುರುಬೆಚ್ಚಗಿನ ನೀರಲ್ಲಿ ತೊಳೀತಾ ಕೂಡ್ಲೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಹೋಗ್ತಾ ಆ ಟ್ಯೂಬನ್ನೂ ಕವರಲ್ಲಿ ಹಾಕಿ ತಗೊಂಡು ಹೋಗಿ, ಯಾವ ಗಮ್ ಅಂತ ಅವ್ರಿಗೆ ತಕ್ಷಣ ಗೊತ್ತಾಗುತ್ತೆ.