ಮಳೆಗಾಲದ ಶೀತ ಮತ್ತು ಶವರ್ ಸ್ಟೀಮರ್: ಯಾವುದು ತರಬಹುದು, ಯಾವುದು ಬೇಡ

ಆನ್‌ಲೈನಲ್ಲಿ ತರಿಸಿದ ಶವರ್ ಸ್ಟೀಮರ್ ಡಬ್ಬಿ ಮುಗಿಯುತ್ತಾ ಬಂತು. ನಾಲ್ಕು ಪರಿಮಳ ಇದ್ದವು: ನೀಲಗಿರಿ-ಮೆಂಥಾಲ್, ಲ್ಯಾವೆಂಡರ್, ಕಿತ್ತಳೆ, ಗುಲಾಬಿ. ಕೊಟ್ಟ ದುಡ್ಡಿಗೆ ತಕ್ಕದ್ದು ನೀಲಗಿರಿಯದ್ದೊಂದೇ. ಲ್ಯಾವೆಂಡರ್ ಪರವಾಗಿಲ್ಲ. ಉಳಿದೆರಡು ಬೇಡ.

ನೋಡದವರಿಗೆ ಹೇಳುತ್ತೇನೆ. ಇದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಬಿಲ್ಲೆ. ಇರುವುದು ಮುಖ್ಯವಾಗಿ ಅಡುಗೆ ಸೋಡಾ, ಸಿಟ್ರಿಕ್ ಆಸಿಡ್, ಪರಿಮಳದ ಎಣ್ಣೆ. ನೀರು ತಾಗಿದ ಕೂಡಲೇ ಸೋಡಾ ಮತ್ತು ಆಸಿಡ್ ಸೇರಿ ಬುಸುಬುಸು ನೊರೆ ಏಳುತ್ತದೆ, ಎಣ್ಣೆಯ ವಾಸನೆ ಹಬೆಯ ಜೊತೆ ಮೇಲೆ ಬರುತ್ತದೆ. ಹಬೆ ಬಿಸಿನೀರಿನದ್ದು, ಬಿಲ್ಲೆಯದ್ದಲ್ಲ. ಹಾಗಾಗಿ ತಣ್ಣೀರು ಸ್ನಾನ ಮಾಡುವವರು ಇದನ್ನು ಸುಮ್ನೆ ತರಿಸಬೇಡಿ.

ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ನೇರ ಶವರ್ ಕೆಳಗೆ ಇಟ್ಟರೆ ಮೈಗೆ ಸೋಪು ಹಚ್ಚುವಷ್ಟರಲ್ಲಿ ಎಲ್ಲ ಕರಗಿ ಮೋರಿಗೆ ಹೋಗಿರುತ್ತದೆ. ನಾನು ಮೂಲೆಯಲ್ಲಿ, ತಳದಲ್ಲಿ ತೂತಿರುವ ಸೋಪಿನ ಡಬ್ಬಿಯೊಳಗೆ ಇಡುತ್ತೇನೆ. ನೀರು ಸಿಡಿದು ಅಷ್ಟಿಷ್ಟು ಹನಿ ಬಿದ್ದರೆ ಸಾಕು. ಒಣಗಿರುವಾಗಲೇ ಚಾಕುವಿನಿಂದ ಎರಡು ತುಂಡು ಮಾಡಿಕೊಂಡರೆ ಎರಡು ಸ್ನಾನಕ್ಕೆ ಆಗುತ್ತದೆ.

ಶವರ್ ಇಲ್ಲ, ಬಕೆಟ್ ಸ್ನಾನ ಅನ್ನುವವರೂ ಬಳಸಬಹುದು. ಸ್ಟೀಲಿನ ತಟ್ಟೆಯಲ್ಲಿಟ್ಟು ಆಗಾಗ ಸ್ವಲ್ಪ ಬಿಸಿನೀರು ಚಿಮುಕಿಸಿ. ಆದರೆ ಬಕೆಟ್‌ಗೆ ಮಾತ್ರ ಹಾಕಬೇಡಿ. ಇದರಲ್ಲಿ ಮೆಂಥಾಲ್, ಎಣ್ಣೆ ಎಲ್ಲ ಜಾಸ್ತಿ. ಆ ನೀರು ಮೈಗೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ.

ಮಂಗಳೂರಿನ ಜುಲೈ ಮಳೆಯಲ್ಲಿ ಮೂಗು ಕಟ್ಟಿಕೊಂಡು ಕೆಲಸದಿಂದ ಬಂದಾಗ ನೀಲಗಿರಿ ಬಿಲ್ಲೆ ನಿಜಕ್ಕೂ ಹಿತ. ಎದೆ ತುಂಬ ಉಸಿರು ಎಳೆದ ಹಾಗೆ ಅನ್ನಿಸುತ್ತದೆ. ಒಂದು ವಿಷಯ ತಿಳಿದಿರಲಿ. ಮೆಂಥಾಲ್ ಕಟ್ಟಿದ ಮೂಗನ್ನು ಬಿಡಿಸುವುದಿಲ್ಲ. ಚಳಿಯನ್ನು ತಿಳಿಸುವ ನರಗಳನ್ನು ಎಬ್ಬಿಸುತ್ತದೆ, ಅದರಿಂದ ಗಾಳಿ ಸರಾಗವಾಗಿ ಹೋಗುತ್ತಿದೆ ಅನ್ನಿಸುತ್ತದೆ ಅಷ್ಟೇ. ಜ್ವರ, ಕಫ ಇದ್ದರೆ ಡಾಕ್ಟರ ಹತ್ತಿರ ಹೋಗಿ. ನನಗೆ ಆ ಹತ್ತು ನಿಮಿಷದ ಹಿತಕ್ಕೇ ಇದು ಬೇಕು. ಆಸ್ತಮಾ ಇರುವವರಿಗೆ ಗಾಢ ವಾಸನೆಯೇ ಕೆಮ್ಮು ತರಿಸಬಹುದು, ಅವರು ಕೇಳಿಕೊಂಡೇ ಬಳಸಲಿ.

ಇನ್ನು ನಾನು ಎಲ್ಲರಿಗೂ ಕೈ ಮುಗಿದು ಹೇಳುವುದೊಂದಿದೆ. ಇಂಥ ಬಿಲ್ಲೆಗಳ ಜೊತೆ ಬಾಗಿಲು ಕಿಟಕಿ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಆರಿಸಿ ಅಂತ ಸಲಹೆ ಬರುತ್ತದೆ. ಕರೆಂಟ್ ಗೀಸರ್ ಇದ್ದರೆ ಸರಿ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗ್ಯಾಸ್ ಗೀಸರ್ ಬಾತ್‌ರೂಮಿನೊಳಗೇ ಇರುತ್ತದೆ. ಗಾಳಿ ಆಡದಿದ್ದರೆ ಅದರಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರದ ಸುದ್ದಿಯನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ ಅಲ್ವಾ? ಅಂಥ ಮನೆಯವರು ಪರಿಮಳ ಉಳಿಯಲಿ ಅಂತ ಕಿಟಕಿ ಮುಚ್ಚಲೇಬೇಡಿ. ಗೀಸರ್ ಹೊರಗೆ ಹಾಕಿಸುವವರೆಗೆ ಸ್ಟೀಮರ್ ತರಿಸದಿದ್ದರೂ ನಷ್ಟವಿಲ್ಲ. ಡಬ್ಬಿಯ ಮೇಲೆ ಈ ಎಚ್ಚರಿಕೆ ಅಚ್ಚು ಹಾಕಬೇಕಿತ್ತು. ನನಗೆ ಬಂದದ್ದರಲ್ಲಿ ಇರಲಿಲ್ಲ.

ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ. ಬಣ್ಣ ನೋಡಿ ಮಿಠಾಯಿ ಅಂದುಕೊಳ್ಳುತ್ತಾರೆ. ನೀಲಗಿರಿ ಎಣ್ಣೆ ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳಿಗೆ ಅಪಾಯ. ಬೆಕ್ಕು ಸಾಕಿದವರೂ ಹುಷಾರು, ಈ ಎಣ್ಣೆಗಳು ಬೆಕ್ಕಿಗೆ ವಿಷ.

ಕರಾವಳಿಯವರಿಗೆ ಇನ್ನೊಂದು ತಲೆನೋವು ತೇವ. ಗಾಳಿಯಲ್ಲಿರುವ ನೀರಿಗೇ ಬಿಲ್ಲೆ ಕೆಲಸ ಶುರು ಮಾಡಿಬಿಡುತ್ತದೆ. ಕವರ್ ಉಬ್ಬಿದ್ದರೆ, ಬಿಲ್ಲೆ ಗುಳ್ಳೆಗುಳ್ಳೆಯಾಗಿದ್ದರೆ ಒಳಗಿನ ಶಕ್ತಿ ಹೋಯಿತೆಂದೇ ಅರ್ಥ. ಗುಲಾಬಿಯ ಒಂದು ಬಿಲ್ಲೆ ನನಗೆ ಹಾಗೇ ಬಂತು. ನೀರು ಬಿದ್ದರೂ ನೊರೆ ಬರಲಿಲ್ಲ. ಉಳಿದವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ ಬೀರುವಿನಲ್ಲಿಟ್ಟೆ, ಚೆನ್ನಾಗಿ ಉಳಿದವು. ಬಾತ್‌ರೂಮಿನ ಶೆಲ್ಫ್‌ನಲ್ಲಿ ಮಾತ್ರ ಇಡಬೇಡಿ.

ನಾಲ್ಕು ಪರಿಮಳದ ಡಬ್ಬಿ ಮತ್ತೆ ತರಿಸುವುದಿಲ್ಲ. ಬರೀ ನೀಲಗಿರಿಯ ಸಣ್ಣ ಪ್ಯಾಕ್ ಸಿಗುತ್ತದೆ. ಮಳೆ ಹಿಡಿಯುವ ಮೊದಲು ಅದನ್ನೇ ತರಿಸುತ್ತೇನೆ.