ಉಪ್ಪಳ ಅಂತ ಹುಡುಕಿದರೆ ಮಂಗಲ್ಪಾಡಿ ಸಿಗಬೇಕು: ಟಾಮ್ ಸೆಲೆಕ್ಟ್ ಹೇಗಿದೆ?

ಕಾಸರಗೋಡಿನ ಆನ್‌ಲೈನ್ ಅರ್ಜಿಗಳಲ್ಲಿ ಜನ ತಡವರಿಸುವುದು ಹೆಚ್ಚಾಗಿ ಪಂಚಾಯತಿನ ಕಾಲಮಿನಲ್ಲಿ. ಪೆರ್ಲದವರು ಪೆರ್ಲವನ್ನು ಹುಡುಕುತ್ತಾರೆ, ಪಟ್ಟಿಯಲ್ಲಿರುವುದು ಎಣ್ಮಕಜೆ. ಉಪ್ಪಳದವರಿಗೆ ಬೇಕಾದ್ದು ಮಂಗಲ್ಪಾಡಿ, ಸೀತಾಂಗೋಳಿಯವರಿಗೆ ಪುತ್ತಿಗೆ, ಮುಳ್ಳೇರಿಯದವರಿಗೆ ಕಾರಡ್ಕ. ಜಿಲ್ಲೆ ಆರಿಸಿದರೆ ತಾಲೂಕು, ತಾಲೂಕು ಆರಿಸಿದರೆ ಪಂಚಾಯತು ಎಂದು ಒಂದಕ್ಕೊಂದು ಕೊಂಡಿ ಹಾಕಿದ ಡ್ರಾಪ್‌ಡೌನ್ ಮಾಡುವುದು ದೊಡ್ಡ ಕೆಲಸವಲ್ಲ. ಕೊನೆಯ ಕೊಂಡಿಯಲ್ಲಿ ಊರಿನ ಹೆಸರಿಗೂ ಪಂಚಾಯತು ಸಿಗುವಂತೆ ಮಾಡುವುದೇ ಕಷ್ಟ. ಟಾಮ್ ಸೆಲೆಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಇಲ್ಲಿ ತೂಗಿ ನೋಡಿರುವುದು ಆ ಒಂದು ಕೆಲಸಕ್ಕಾಗಿ.

ಇದು ಸೆಲೆಕ್ಟೈಸ್ ಎಂಬ ಹಳೆಯ ಲೈಬ್ರರಿಯಿಂದ ಕವಲೊಡೆದದ್ದು. ಅಪಾಚೆ 2.0 ಪರವಾನಗಿ, ದುಡ್ಡು ಕೊಡಬೇಕಾಗಿಲ್ಲ. ಮೂಲ ಆವೃತ್ತಿ ಸಂಕುಚಿತಗೊಂಡಾಗ 16 ಕೆಬಿ ಆಸುಪಾಸು. ಪ್ಲಗಿನ್‌ಗಳೆಲ್ಲ ಸೇರಿದ ಕಂಪ್ಲೀಟ್ ಫೈಲ್ ಇನ್ನೂ ದೊಡ್ಡದು, ಈ ಕೆಲಸಕ್ಕೆ ಅದರ ಅಗತ್ಯವಿಲ್ಲ. ಜೆಕ್ವೆರಿ ಎಂಬ ಇನ್ನೊಂದು ಲೈಬ್ರರಿಯ ಆಸರೆ ಬೇಡ. ಇದೇ ಕೆಲಸದ ಸೆಲೆಕ್ಟ್2 ಲೈಬ್ರರಿಗೆ ಹೋಲಿಸಿದರೆ ಇದೇ ದೊಡ್ಡ ಅನುಕೂಲ. ಸೆಲೆಕ್ಟ್2 ತನ್ನ ಚೇಂಜ್ ಸುದ್ದಿಯನ್ನು, ಅಂದರೆ ಆಯ್ಕೆ ಬದಲಾಯಿತೆಂಬ ಸೂಚನೆಯನ್ನು, ಜೆಕ್ವೆರಿಯ ದಾರಿಯಲ್ಲಿ ಕಳಿಸುತ್ತದೆ. ಬ್ರೌಸರಿನ ಸ್ವಂತ ಆ್ಯಡ್‌ಇವೆಂಟ್‌ಲಿಸನರ್ ಹಾಕಿ ಕಾದು ಕೂತ ಕೋಡಿಗೆ ಅದು ಕೇಳಿಸುವುದೇ ಇಲ್ಲ. ತಾಲೂಕು ಬದಲಾದರೂ ಪಂಚಾಯತು ಮಿಸುಕದೆ ಇದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಹಾಗೆಂದು ಎಲ್ಲ ಕಾಲಮಿಗೂ ಟಾಮ್ ಸೆಲೆಕ್ಟ್ ಹಚ್ಚಬೇಡಿ. ಕೇರಳದ ಜಿಲ್ಲೆಗಳು 14, ಕಾಸರಗೋಡು ಜಿಲ್ಲೆಯ ತಾಲೂಕುಗಳು 4: ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡು. ನಾಲ್ಕು ಹೆಸರಿಗೆ ಹುಡುಕುವ ಪೆಟ್ಟಿಗೆ ಯಾಕೆ? ಮೊಬೈಲಿನಲ್ಲಿ ಬ್ರೌಸರಿನದೇ ಸಾದಾ ಸೆಲೆಕ್ಟ್ ಪಟ್ಟಿ ಮುಟ್ಟಿದರೆ ಫೋನಿನದೇ ಪಟ್ಟಿ ತೆರೆಯುತ್ತದೆ. ಟಾಮ್ ಸೆಲೆಕ್ಟ್ ಮುಟ್ಟಿದರೆ ಕೀಬೋರ್ಡ್ ಎದ್ದು ಅರ್ಧ ಪರದೆ ಮುಚ್ಚುತ್ತದೆ. ಕಂಟ್ರೋಲ್‌ಇನ್‌ಪುಟ್ ಎಂಬ ಆಪ್ಷನ್ನನ್ನು ನಲ್ (ಖಾಲಿ) ಮಾಡಿ ಕೀಬೋರ್ಡನ್ನು ತಡೆಯಬಹುದು ನಿಜ, ಆದರೆ ಹುಡುಕಾಟವೇ ಬೇಡ ಎಂದಾದ ಮೇಲೆ ಲೈಬ್ರರಿಯ ಹಂಗೂ ಬೇಡ.

ಪಂಚಾಯತಿನ ಕಾಲಮಿಗೆ ಬಂದಾಗ ಮಾತ್ರ ಇದು ತನ್ನ ಬೆಲೆ ತೋರಿಸುತ್ತದೆ. ಯಾವುದರಲ್ಲಿ ಹುಡುಕಬೇಕೆಂದು ಹೇಳುವ ಸರ್ಚ್‌ಫೀಲ್ಡ್ ಆಪ್ಷನ್ನಿಗೆ ಒಂದಕ್ಕಿಂತ ಹೆಚ್ಚು ಕಾಲಂ ಕೊಡಬಹುದು. ಒಂದೊಂದು ಪಂಚಾಯತಿಗೂ ಕನ್ನಡ ಹೆಸರು, ಮಲಯಾಳ ಹೆಸರು, ಇಂಗ್ಲಿಷ್ ಹೆಸರು, ಅದರ ಜೊತೆಗೆ ಪೇಟೆಗಳ ಹೆಸರು ಎಂದು ನಾಲ್ಕು ಕಾಲಂ ಇಟ್ಟುಕೊಳ್ಳಿ. ಬದಿಯಡ್ಕದ ಪೇಟೆ ಕಾಲಮಿನಲ್ಲಿ ನೀರ್ಚಾಲು, ಮಂಜೇಶ್ವರದ್ದರಲ್ಲಿ ಹೊಸಂಗಡಿ. ಇಡೀ ಜಿಲ್ಲೆಗೆ 38 ಗ್ರಾಮ ಪಂಚಾಯತು, 3 ನಗರಸಭೆ, ಒಟ್ಟು 41 ಸಾಲು. ಒಂದು ಮಧ್ಯಾಹ್ನ ಕೂತು ತುಂಬಿಸಿದರೆ ಮುಗಿಯಿತು. ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಕೂತವರು ಇಂಗ್ಲಿಷಿನಲ್ಲಿ ಟೈಪ್ ಮಾಡಲಿ, ಮನೆಯಲ್ಲಿ ಕೂತವರು ಕನ್ನಡದಲ್ಲಿ ಮಾಡಲಿ, ಸಿಗುವುದು ಒಂದೇ ಸಾಲು. ಆದರೆ ಇಲ್ಲಿ ಒಂದು ತೊಡಕಿದೆ: ಉಪ್ಪಳ ಎಂದು ಹೊಡೆದವರಿಗೆ ಮಂಗಲ್ಪಾಡಿ ಎಂದಷ್ಟೇ ಕಂಡರೆ ತಪ್ಪು ಬಂತೆಂದು ಅಳಿಸಿಬಿಡುತ್ತಾರೆ. ಸಾಲು ಹೇಗೆ ಕಾಣಬೇಕೆಂದು ಹೇಳುವ ರೆಂಡರ್ ಆಪ್ಷನ್ನಿನಲ್ಲಿ ಪಂಚಾಯತಿನ ಹೆಸರನ್ನು ದಪ್ಪಕ್ಕೆ, ಅದರ ಕೆಳಗೆ ಪೇಟೆಗಳನ್ನು ಸಣ್ಣಕ್ಕೆ ತೋರಿಸಿ. ಆ ಫಂಕ್ಷನ್ನಿಗೆ ಎರಡನೆಯದಾಗಿ ಬರುವ ಎಸ್ಕೇಪನ್ನು (ಹೆಸರಿನಲ್ಲಿರುವ ಚಿಹ್ನೆಗಳು ಕೋಡ್ ಆಗದಂತೆ ತಡೆಯುವುದು) ಬಳಸದೆ ಹೆಸರನ್ನು ನೇರ ಎಚ್‌ಟಿಎಂಎಲ್‌ಗೆ ಅಂಟಿಸಬೇಡಿ.

ಈಗ ಕೊಂಡಿ ಹಾಕುವ ಕ್ರಮ. ತಾಲೂಕು ಬದಲಾದ ಕೂಡಲೇ ಪಂಚಾಯತಿನ ಕಾಲಮಿನ ಮೇಲೆ ಮೊದಲು ಕ್ಲಿಯರ್ (ಆಯ್ಕೆ ಅಳಿಸಲು), ಆಮೇಲೆ ಕ್ಲಿಯರ್‌ಆಪ್ಷನ್ಸ್ (ಪಟ್ಟಿ ಅಳಿಸಲು), ಆಮೇಲೆ ಡಿಸೇಬಲ್ (ಕಾಲಮಿಗೆ ಬೀಗ ಹಾಕಲು). ಹೊಸ ಪಟ್ಟಿ ಬಂದ ಮೇಲೆ ಅದನ್ನು ತುಂಬಿಸುವ ಆ್ಯಡ್‌ಆಪ್ಷನ್ಸ್, ಕೊನೆಗೆ ಬೀಗ ತೆಗೆಯುವ ಎನೇಬಲ್. ಮೊದಲ ಎರಡನ್ನು ಹಿಂದುಮುಂದು ಮಾಡಿದರೆ ಕೆಟ್ಟಿತು: ಕ್ಲಿಯರ್‌ಆಪ್ಷನ್ಸ್ ಅಳಿಸುವುದು ಆಯ್ಕೆಯಾಗದ ಹೆಸರುಗಳನ್ನು ಮಾತ್ರ, ಆಯ್ಕೆಯಾದದ್ದನ್ನು ಹಾಗೇ ಉಳಿಸುತ್ತದೆ. ಆಗ ತಾಲೂಕು ಹೊಸದುರ್ಗಕ್ಕೆ ಬದಲಾದರೂ ಪಟ್ಟಿಯಲ್ಲಿ ಮಂಜೇಶ್ವರ ತಾಲೂಕಿನ ವರ್ಕಾಡಿ ಕೂತೇ ಇರುತ್ತದೆ. ಲೋಡ್ ಎಂಬ ಆಪ್ಷನ್ ಬಳಸಿ ಸರ್ವರಿನಿಂದ ಹುಡುಕಿಸುವವರು ಕ್ಲಿಯರ್‌ಆಪ್ಷನ್ಸನ್ನು ಬಿಡುವಂತೆಯೇ ಇಲ್ಲ. ಒಮ್ಮೆ ಹುಡುಕಿದ ಪದವನ್ನು ಲೈಬ್ರರಿ ನೆನಪಿಟ್ಟುಕೊಂಡು ಮತ್ತೆ ಸರ್ವರಿಗೆ ಹೋಗುವುದಿಲ್ಲ. ಆ ನೆನಪು ಅಳಿಯುವುದೂ ಇದರಿಂದಲೇ. ಕ್ಲಿಯರ್‌ಗೆ ಟ್ರೂ ಕೊಟ್ಟರೆ ಸದ್ದಿಲ್ಲದೆ ಅಳಿಸುತ್ತದೆ, ಚೇಂಜ್ ಹೊರಡುವುದಿಲ್ಲ. ಪಂಚಾಯತಿನ ಕೆಳಗೆ ವಾರ್ಡ್ ಕಾಲಮೂ ಇದ್ದರೆ ಅದಕ್ಕೆ ಸುದ್ದಿ ಮುಟ್ಟದು. ಆದ್ದರಿಂದ ಬದಲಾದ ಹಂತದ ಕೆಳಗಿರುವುದನ್ನೆಲ್ಲ ನೀವೇ ಒಂದು ಲೂಪಿನಲ್ಲಿ ಖಾಲಿ ಮಾಡಿ. ಡಿಸೇಬಲ್ ಆದ ಕಾಲಮಿನ ಬೆಲೆ (ವ್ಯಾಲ್ಯೂ, ಅಂದರೆ ಆರಿಸಿದ್ದರ ದತ್ತಾಂಶ) ಫಾರ್ಮ್ ಜೊತೆ ಸರ್ವರಿಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಡೆಸ್ಕ್‌ಟಾಪಿನಲ್ಲಿ ಇನ್ನೊಂದು ಪೀಕಲಾಟ. ವಿಂಡೋಸಿನ ಕ್ರೋಮ್‌ನಲ್ಲಿ ಮುಚ್ಚಿದ ಸೆಲೆಕ್ಟ್ ಮೇಲೆ ಬಾಣದ ಕೀಲಿ ಒತ್ತಿದರೆ ಒಂದೊಂದು ಒತ್ತಿಗೂ ಒಂದು ಚೇಂಜ್. ಟ್ಯಾಬ್ ಒತ್ತಿ, ಬಾಣ ಒತ್ತಿ ಸರಸರನೆ ಫಾರ್ಮ್ ತುಂಬುವವರ ಕೈಯಲ್ಲಿ ಮೂರು ಕೋರಿಕೆ ಬೆನ್ನುಬೆನ್ನಿಗೆ ಹೋಗುತ್ತವೆ. ಮೊದಲು ಹೋದದ್ದು ಕೊನೆಗೆ ಬಂದರೆ ವೆಳ್ಳರಿಕುಂಡು ಆರಿಸಿದವರಿಗೆ ಮಂಜೇಶ್ವರದ ಪಂಚಾಯತುಗಳು ಕಾಣುತ್ತವೆ. ಬ್ರೌಸರಿನಲ್ಲೇ ಇರುವ ಅಬಾರ್ಟ್‌ಕಂಟ್ರೋಲರ್ ಇಟ್ಟು ಹೊಸ ಕೋರಿಕೆಗೆ ಮುಂಚೆ ಹಳೆಯದನ್ನು ಕಡಿಯಿರಿ. ಕಾಸರಗೋಡು ಒಂದೇ ಜಿಲ್ಲೆಯ ಫಾರ್ಮ್ ಆದರೆ ಈ ರಗಳೆಯೇ ಬೇಡ. 41 ಸಾಲನ್ನು ಪುಟದಲ್ಲೇ ಜೇಸನ್ (ದತ್ತಾಂಶ ಬರೆದಿಡುವ ಒಂದು ರೂಪ) ಆಗಿ ಇಟ್ಟು ಅಲ್ಲೇ ಸೋಸಿಕೊಳ್ಳಿ, ಸರ್ವರಿಗೆ ಹೋಗುವ ಕೆಲಸವೇ ಇಲ್ಲ.

ಹಳೆಯ ಅರ್ಜಿಯನ್ನು ತಿದ್ದುವ ಪುಟದಲ್ಲಿ ಹೆಚ್ಚಿನವರು ಜಾರುತ್ತಾರೆ. ಪಟ್ಟಿ ಬರುವ ಮುಂಚೆ, ಹಳೆಯ ಆಯ್ಕೆಯನ್ನು ಕೂರಿಸುವ ಸೆಟ್‌ವ್ಯಾಲ್ಯೂ ಕರೆದರೆ ದೋಷವೂ ಇಲ್ಲ, ಆಯ್ಕೆಯೂ ಇಲ್ಲ. ಇಲ್ಲದ ಹೆಸರನ್ನು ಲೈಬ್ರರಿ ಸುಮ್ಮನೆ ಬಿಟ್ಟುಬಿಡುತ್ತದೆ. ಫೋನ್ ನಂಬರ್ ತಿದ್ದಲು ಬಂದವರು ಸೇವ್ ಒತ್ತಿದಾಗ ಪಂಚಾಯತು ಖಾಲಿಯಾಗಿ ಹೋಗುತ್ತದೆ. ಆ್ಯಡ್‌ಆಪ್ಷನ್ಸ್ ಮುಗಿದ ಮೇಲೆಯೇ ಸೆಟ್‌ವ್ಯಾಲ್ಯೂ. ಫೈರ್‌ಫಾಕ್ಸಿನಲ್ಲಿ ಪುಟ ರಿಫ್ರೆಶ್ ಮಾಡಿದಾಗಲೂ ಇದೇ ಕಥೆ: ತಾಲೂಕನ್ನು ಬ್ರೌಸರ್ ನೆನಪಿನಿಂದ ತುಂಬಿಸುತ್ತದೆ, ಚೇಂಜ್ ಹೊರಡುವುದಿಲ್ಲ, ಪಂಚಾಯತು ಬರಿದು. ಪುಟ ತೆರೆದಾಗ ತಾಲೂಕಿಗೆ ಬೆಲೆ ಇದ್ದರೆ ಅದೇ ತುಂಬಿಸುವ ಫಂಕ್ಷನ್ನನ್ನು ಒಮ್ಮೆ ಓಡಿಸಿ.

ದತ್ತಾಂಶದ ವಿಷಯದಲ್ಲಿ ಯಾವ ಲೈಬ್ರರಿಯೂ ನಿಮ್ಮನ್ನು ಕಾಯದು. ಹೆಸರನ್ನೇ ಬೆಲೆಯಾಗಿ ಇಟ್ಟರೆ ಗಡಿನಾಡಿನಲ್ಲಿ ಪೆಟ್ಟು ಗ್ಯಾರಂಟಿ. ಹೊಸದುರ್ಗ ಕಾಸರಗೋಡು ಜಿಲ್ಲೆಯಲ್ಲೂ ತಾಲೂಕು, ಚಿತ್ರದುರ್ಗ ಜಿಲ್ಲೆಯಲ್ಲೂ ತಾಲೂಕು. ಕಣ್ಣೂರು ಪಕ್ಕದ ಜಿಲ್ಲೆಯೂ ಹೌದು, ಮಂಜೇಶ್ವರ ತಾಲೂಕಿನ ಒಂದು ಗ್ರಾಮವೂ ಹೌದು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಕೋಡ್‌ಗಳನ್ನೇ ಬೆಲೆಯಾಗಿ ಹಾಕಿ. ಆರಿಸಿದ ಬೆಲೆಯನ್ನು ಓದುವ ಗೆಟ್‌ವ್ಯಾಲ್ಯೂ ಕೊಡುವುದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಅಂಕಿಯಲ್ಲ. ಮೂರು ಸಮ ಚಿಹ್ನೆ ಇಟ್ಟು ಅಂಕಿಯೊಂದಿಗೆ ಹೋಲಿಸಿದರೆ ಎಂದೂ ಹೊಂದದು. ಬ್ಲಾಕ್ ಪಂಚಾಯತು ಮತ್ತು ತಾಲೂಕು ಒಂದೇ ಎಂದುಕೊಳ್ಳಲೂಬೇಡಿ. ಕುಂಬಳೆ ಪಂಚಾಯತು ಕಾಸರಗೋಡು ಬ್ಲಾಕಿಗೆ ಸೇರಿದ್ದು, ತಾಲೂಕು ಮಂಜೇಶ್ವರ. ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ, ಆರಿಸಿದ ಪಂಚಾಯತು ಆರಿಸಿದ ತಾಲೂಕಿನದ್ದೇ ಹೌದೇ ಎಂದು ಸರ್ವರಿನಲ್ಲೂ ನೋಡಿ.

ಲೈಬ್ರರಿಯ ಮೇಲೆ ದೂರು ಎಂದರೆ ಪಟ್ಟಿಗೆ ಮಿತಿ ಹಾಕುವ ಮ್ಯಾಕ್ಸ್‌ಆಪ್ಷನ್ಸ್. ನೀವೇನೂ ಹೇಳದಿದ್ದರೆ ಒಮ್ಮೆಗೆ ತೋರಿಸುವುದು 50 ಹೆಸರು ಮಾತ್ರ, ಮುಂದೆ ಇನ್ನೂ ಇದೆ ಎಂಬ ಸುಳಿವೂ ಇಲ್ಲ. ಕಾಸರಗೋಡಿನ 41ರಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಮಲಪ್ಪುರಂ ಜಿಲ್ಲೆಯ 94 ಗ್ರಾಮ ಪಂಚಾಯತುಗಳನ್ನು ಒಟ್ಟಿಗೆ ಹಾಕಿದ ದಿನ ಅರ್ಧದಷ್ಟು ಮಾಯ. ಟೈಪ್ ಮಾಡಿದರೆ ಸಿಗುತ್ತವೆ, ಪಟ್ಟಿ ಜಾರಿಸಿ ನೋಡುವವರಿಗೆ ಸಿಗವು. ನಲ್ ಕೊಟ್ಟು ಮಿತಿ ತೆಗೆಯಿರಿ. ಪಾಪ್‌ಅಪ್ ಕಿಟಕಿಯೊಳಗೆ ಪಟ್ಟಿ ಕತ್ತರಿಸಿದಂತೆ ಕಂಡರೆ ಡ್ರಾಪ್‌ಡೌನ್‌ಪೇರೆಂಟ್ ಎಂಬ ಆಪ್ಷನ್ನಿಗೆ ಬಾಡಿ ಎಂದು ಕೊಡಿ. ಒಂದೇ ಸೆಲೆಕ್ಟ್ ಮೇಲೆ ಟಾಮ್ ಸೆಲೆಕ್ಟನ್ನು ಎರಡು ಸಲ ಹಚ್ಚಿದರೆ ದೋಷ ಎಸೆದು ಮುಂದಿನ ಕೋಡನ್ನೂ ನಿಲ್ಲಿಸುತ್ತದೆ. ಪುಟದ ತುಂಡುಗಳನ್ನು ಬದಲಿಸುವ ಫಾರ್ಮ್ ಆದರೆ ಹಚ್ಚುವ ಮುಂಚೆ ಆ ಸೆಲೆಕ್ಟಿನಲ್ಲಿ ಟಾಮ್‌ಸೆಲೆಕ್ಟ್ ಎಂಬ ಗುಣ ಈಗಾಗಲೇ ಇದೆಯೇ ಎಂದು ನೋಡಿಕೊಳ್ಳಿ.